ಮುನ್ನೋಟ ಮತ್ತು ಸಿಂಹಾವಲೋಕನ: ಮಲ್ಲಯುದ್ಧದ ಫಲಿತಾಂಶಗಳನ್ನು ಓದುವ ಬಗೆ

ಕಲ್ಯಾಣ ಚಾಲುಕ್ಯರ ಬಿರುದುಗಳನ್ನು ಒಂದರ ಕೆಳಗೊಂದು ಬರೆದುಕೊಂಡು ನೋಡಿದರೆ ಅದು ವಂಶಾವಳಿಗಿಂತ ಹೆಚ್ಚಾಗಿ ಕುಸ್ತಿ ಕಣದ ಪಟ್ಟಿಯಂತೆ ತೋರುತ್ತದೆ. ಎರಡನೆಯ ಜಯಸಿಂಹನು ಜಗದೇಕಮಲ್ಲ. ಒಂದನೆಯ ಸೋಮೇಶ್ವರನು ಆಹವಮಲ್ಲ, ತ್ರೈಲೋಕ್ಯಮಲ್ಲ. ಎರಡನೆಯ ಸೋಮೇಶ್ವರನು ಭುವನೈಕಮಲ್ಲ. ಆರನೆಯ ವಿಕ್ರಮಾದಿತ್ಯನು ತ್ರಿಭುವನಮಲ್ಲ. ಅವನ ಮಗ ಮೂರನೆಯ ಸೋಮೇಶ್ವರನು ಭೂಲೋಕಮಲ್ಲ. ಈ ಕೊನೆಯವನು ತನ್ನ ಯುದ್ಧಗಳಿಗಿಂತ ತನ್ನ ಗ್ರಂಥದಿಂದಲೇ ಹೆಸರುಳಿಸಿಕೊಂಡವನು. 1129ರ ಸುಮಾರಿಗೆ ರಚಿತವಾದ 'ಮಾನಸೋಲ್ಲಾಸ' ಅಥವಾ 'ಅಭಿಲಷಿತಾರ್ಥ ಚಿಂತಾಮಣಿ' ಎಂಬ ಅವನ ಸಂಸ್ಕೃತ ವಿಶ್ವಕೋಶದಲ್ಲಿ ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಿವೆ. ನಾಲ್ಕನೆಯದಾದ ವಿನೋದವಿಂಶತಿಯಲ್ಲಿ ಆನೆ, ಕುದುರೆ, ಕೋಳಿ, ಟಗರು, ಕೋಣ ಮೊದಲಾದವುಗಳ ವಿನೋದಗಳ ಜೊತೆಗೆ ಅಂಕವಿನೋದ, ಮಲ್ಲವಿನೋದ ಎಂಬ ಅಧ್ಯಾಯಗಳೂ ಬರುತ್ತವೆ.

'ಅಂಕ' ಎಂಬ ಪದದ ಮೇಲೆ ಸಾಹಿತ್ಯದ ವಿದ್ಯಾರ್ಥಿಗಳು ಒಂದು ಗಳಿಗೆ ನಿಲ್ಲಬೇಕು. ಹಳಗನ್ನಡದಲ್ಲಿ ಅಂಕವೆಂದರೆ ಕಾಳಗ. ಅಂಕಕಾರನೆಂದರೆ ಪಣತೊಟ್ಟು ಕಾದುವ ವೀರ. ಕರಾವಳಿಯ ಕೋಳಿ ಅಂಕದಲ್ಲಿ ಆ ಅರ್ಥ ಇಂದಿಗೂ ಉಳಿದಿದೆ. ಉಳಿದ ಕಡೆಗಳಲ್ಲಿ ಅಂಕವೆಂದರೆ ಪರೀಕ್ಷೆಯಲ್ಲಿ ಸಿಗುವ ಎಣಿಕೆ. ಕಾದಾಟಕ್ಕೂ ಲೆಕ್ಕಕ್ಕೂ ಒಂದೇ ಪದವನ್ನು ಬಳಸುವ ಭಾಷೆಯಲ್ಲಿ ನಾವಿದ್ದೇವೆ. ಈ ಲೇಖನ ಆ ಎರಡು ಅರ್ಥಗಳು ಸೇರುವ ಜಾಗವನ್ನು ಕುರಿತದ್ದು. ಕಾದಾಟಕ್ಕೆ ಮೊದಲು ಇಂಥವರು ಗೆಲ್ಲುವರೆಂದು ಬರೆದಿಟ್ಟು, ಮುಗಿದ ಮೇಲೆ ಫಲಿತಾಂಶವನ್ನು ಅದರ ಪಕ್ಕದಲ್ಲಿ ಬರೆದು, ಎರಡನ್ನೂ ಹೋಲಿಸುವುದರಿಂದ ನಮಗೆ ತಿಳಿಯುವುದೇನು?

ನನ್ನ ಬಳಿ ಉದ್ದನೆಯ ಒಂದು ಲೆಕ್ಕದ ಪುಸ್ತಕವಿದೆ. ಬಸವಕಲ್ಯಾಣದ ಅಂಗಡಿಗಳಲ್ಲಿ ಉದ್ದರಿ ಬರೆಯಲು ಇಟ್ಟುಕೊಳ್ಳುವಂಥದು. ಎಡಪುಟದಲ್ಲಿ ಕಾದುವ ಇಬ್ಬರ ಹೆಸರು, ದಿನಾಂಕ, ಗೆಲ್ಲುವ ಸಂಭವ ಹತ್ತರಲ್ಲಿ ಎಷ್ಟು ಪಾಲು ಎಂಬ ಅಂದಾಜು, ಅದಕ್ಕೆ ಒಂದು ಸಾಲಿನ ಕಾರಣ. ಬಲಪುಟದಲ್ಲಿ ಫಲಿತಾಂಶ. ಪ್ರತಿ ಪುಟದಲ್ಲೂ ಅಂದಾಜಿನ ಎರಡು ಕಾಲಂಗಳಿವೆ. ಒಂದು ನನ್ನದು, ಇನ್ನೊಂದು ಹುಮನಾಬಾದಿನಲ್ಲಿರುವ ನನ್ನ ಅಣ್ಣನ ಮಗನದು. ಹುಡುಗನಾಗಿದ್ದಾಗ ಅವನು ಕೆಲವು ವರ್ಷ ತಾಲೀಮಿಗೆ ಹೋಗಿ ಮಣ್ಣು ಮೈಗೆ ಹಚ್ಚಿಕೊಂಡವನು. ಮಲ್ಲವಿನೋದದ ಅಧ್ಯಾಯವನ್ನು ನಾನು ಅವನಿಗೆ ಓದಿ ಹೇಳಿದೆ. ಮಿಶ್ರ ಸಮರಕಲೆಯನ್ನು, ಅಂದರೆ ಈಗಿನ ಹುಡುಗರು ಎಂಎಂಎ ಎನ್ನುವ ಕಾದಾಟವನ್ನು, ಅವನು ನನಗೆ ತೋರಿಸಿದ. ಅಲ್ಲಿಂದ ಈ ಪುಸ್ತಕದಲ್ಲಿ ಹುಮನಾಬಾದಿನ ಜಾತ್ರೆಯ ಕುಸ್ತಿಗಳೂ ಲಾಸ್ ವೇಗಾಸ್, ಅಬುಧಾಬಿಗಳ ಕಾದಾಟಗಳೂ ಒಂದೇ ಶಾಯಿಯಲ್ಲಿ ಸೇರಿಕೊಂಡವು.

ನಿಯಮಗಳು ಮೂರು. ಕಾರಣ ಬರೆಯದೆ ಅಂದಾಜು ಬರೆಯುವಂತಿಲ್ಲ. ಒಮ್ಮೆ ಬರೆದದ್ದನ್ನು ತಿದ್ದುವಂತಿಲ್ಲ. ಹಣ ಕಟ್ಟುವಂತಿಲ್ಲ. ಮೂರನೆಯದಕ್ಕೆ ವಿವರಣೆಯ ಅಗತ್ಯ ನಮ್ಮ ಮನೆಯಲ್ಲಿ ಬೀಳಲಿಲ್ಲ. ಸಪ್ತವ್ಯಸನಗಳ ಎಣಿಕೆ ಜೂಜಿನಿಂದಲೇ ಆರಂಭವಾಗುತ್ತದೆ. ಆದರೂ ಒಂದು ಮಾತು ಹೇಳಬೇಕು. ಇದೇ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು 'ಮಿತಾಕ್ಷರ'ವನ್ನು ಬರೆದನು. ಅದು ವ್ಯಾಖ್ಯಾನಿಸುವ ಯಾಜ್ಞವಲ್ಕ್ಯಸ್ಮೃತಿಯಲ್ಲಿ ದ್ಯೂತಸಮಾಹ್ವಯ ಎಂಬ ಪ್ರಕರಣವಿದೆ. ನಿರ್ಜೀವ ವಸ್ತುಗಳಿಂದ ಆಡುವ ಪಂದ್ಯ ದ್ಯೂತ. ಜೀವಿಗಳನ್ನು ಕಾದಿಸಿ ಕಟ್ಟುವ ಪಂದ್ಯ ಸಮಾಹ್ವಯ. ದಾಳಕ್ಕೂ ದೇಹಕ್ಕೂ ವ್ಯತ್ಯಾಸವಿದೆಯೆಂದು ಧರ್ಮಶಾಸ್ತ್ರಕಾರರು ಕಂಡುಕೊಂಡು ಎರಡಕ್ಕೂ ಬೇರೆ ಹೆಸರಿಟ್ಟದ್ದು ನನಗೆ ಮುಖ್ಯವೆನಿಸುತ್ತದೆ. ದಾಳಕ್ಕೆ ನೋವಿಲ್ಲ. ಕಾದುವವನ ಬಗ್ಗೆ ಭವಿಷ್ಯ ನುಡಿಯುವವನು ನೋಯುವ ಒಂದು ಮೈಯ ಬಗ್ಗೆ ನುಡಿಯುತ್ತಿರುತ್ತಾನೆ. ಈ ಮಾತಿಗೆ ಮುಂದೆ ಮತ್ತೆ ಬರುತ್ತೇನೆ.

ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ ನಡೆಯುವುದು ಜನವರಿಯಲ್ಲಿ. ಸೋಲಾಪುರ–ಹೈದರಾಬಾದ್ ಹೆದ್ದಾರಿಯ ಮೇಲಿರುವ ಊರಾದ್ದರಿಂದ ಕುಸ್ತಿಯ ದಿನ ಮೂರು ರಾಜ್ಯಗಳ ಮಾತು ಕಿವಿಗೆ ಬೀಳುತ್ತದೆ. ಹಲಗೆಯ ಸದ್ದಿನ ನಡುವೆ ಹುಡುಗರ ತೆಂಗಿನಕಾಯಿ ಕುಸ್ತಿಯಿಂದ ಆರಂಭವಾಗಿ, ಬಿಸಿಲಿಳಿಯುವ ಹೊತ್ತಿಗೆ ಹೆಸರಾಂತ ಪೈಲ್ವಾನರ ಜೋಡಿಗಳು ಕಣಕ್ಕಿಳಿಯುತ್ತವೆ. ನಮ್ಮ ಭಾಗದ ಈ ಬಯಲು ಕುಸ್ತಿಗೆ ತೂಕದ ಯಂತ್ರವಿಲ್ಲ, ಮೊದಲೇ ಅಚ್ಚಾದ ಪಟ್ಟಿಯೂ ಇಲ್ಲ. ಒಬ್ಬ ಪೈಲ್ವಾನ ಕೈಯೆತ್ತಿ ಕಣದ ಸುತ್ತ ನಡೆಯುತ್ತಾನೆ. ಅವನಿಗೆ ಸರಿಸಮನೆಂದು ತೋರಿದವನು ಮುಂದೆ ಬಂದು ಕೈ ಕೊಡುತ್ತಾನೆ. ವಸ್ತಾದರು ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ ಕುತ್ತಿಗೆ, ತೊಡೆ, ಮುದುಡಿದ ಕಿವಿ ಇವನ್ನು ನೋಡಿ ಜೋಡಿ ಒಪ್ಪುತ್ತಾರೆ ಅಥವಾ ತಳ್ಳಿಹಾಕುತ್ತಾರೆ. ಬೆನ್ನು ಮಣ್ಣಿಗೆ ತಾಗಿದರೆ ಚಿತ್, ಕುಸ್ತಿ ನಿಕಾಲಿ. ಯಾರ ಬೆನ್ನೂ ತಾಗದೆ ಹೊತ್ತು ಹೋದರೆ ಬರಾಬರಿ. ಹೀಗಾಗಿ ನನ್ನ ಪುಸ್ತಕದಲ್ಲಿ ಗೆಲುವು, ಸೋಲು ಎಂಬ ಎರಡು ಕಾಲಂ ಸಾಲದೆ ಬರಾಬರಿಗೊಂದು ಕಾಲಂ ಎಳೆಯಬೇಕಾಯಿತು. ಎರಡೇ ಸಾಧ್ಯತೆಗಳಿವೆ ಎಂದುಕೊಂಡು ಪ್ರಶ್ನೆ ಕೇಳುವವನಿಗೆ ಕಣವು ಮೂರನೆಯದೊಂದು ಉತ್ತರವನ್ನು ಕೊಟ್ಟುಬಿಡುತ್ತದೆ.

ಒಂದು ವರ್ಷ ಕಡೆಯ ಜೋಡಿಗಳಲ್ಲೊಂದನ್ನು ಕಟ್ಟಿದ ಹಿರಿಯ ವಸ್ತಾದರ ಪಕ್ಕದಲ್ಲೇ ನಾವು ಕುಳಿತಿದ್ದೆವು. ನನ್ನ ಅಣ್ಣನ ಮಗ ಅವರನ್ನು ಕೇಳಿದ: "ಉಸ್ತಾದ್, ಯಾರ್ ಹೊಡೀತಾರ್ ಹೇಳ್ರಿ?" ಅವರು ಕಣದಿಂದ ಕಣ್ಣು ತೆಗೆಯದೆ ಹೇಳಿದರು: "ಅದು ನಂಗ ಮೊದ್ಲೇ ಗೊತ್ತಿದ್ರ ಈ ಜೋಡಿ ನಾ ಹಚ್ತಿದ್ದಿಲ್ಲಪ್ಪಾ."

ಈ ಒಂದು ಮಾತಿನಿಂದ ಮಲ್ಲವಿನೋದದ ಅಧ್ಯಾಯ ನನಗೆ ಬೇರೆಯಾಗಿ ಕಾಣತೊಡಗಿತು. ಸೋಮೇಶ್ವರನು ಮಲ್ಲರನ್ನು ವಯಸ್ಸು, ಗಾತ್ರ, ಬಲಗಳ ಆಧಾರದ ಮೇಲೆ ವಿಂಗಡಿಸುತ್ತಾನೆ. ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂಬ ಹೆಸರುಗಳನ್ನು ಕೊಡುತ್ತಾನೆ. ಅವರ ಆಹಾರದ ಹೊಣೆ ಅರಸನದು. ಭಾರಶ್ರಮ, ಭ್ರಮಣಶ್ರಮ, ಸಲಿಲಶ್ರಮ, ಸ್ತಂಭಶ್ರಮ ಎಂದು ಭಾರ ಎತ್ತುವ, ನಡೆಯುವ, ಈಜುವ, ಕಂಬವೇರುವ ಸಾಧನೆಗಳನ್ನು ಬೇರೆಬೇರೆಯಾಗಿ ಹೇಳುತ್ತಾನೆ. ಕಡೆಯದು ಇಂದಿನ ಮಲ್ಲಕಂಬದ ಹಳೆಯ ದಾಖಲೆಯೆಂದು ಪ್ರಸಿದ್ಧವಾಗಿದೆ. ಈ ವಿಂಗಡಣೆಯನ್ನು ನಾವು ಸಾಮಾನ್ಯವಾಗಿ ಅರಮನೆಯ ವೈಭವದ ವರ್ಣನೆಯಾಗಿ ಓದಿ ಮುಂದೆ ಸಾಗುತ್ತೇವೆ. ಅದರ ಪ್ರಯೋಜನ ಬೇರೆ. ಜ್ಯೇಷ್ಠಿಕನನ್ನು ಗೋವಲನ ಎದುರಿಗೆ ನಿಲ್ಲಿಸಿದರೆ ಫಲಿತಾಂಶ ಮೊದಲೇ ಗೊತ್ತಿರುತ್ತದೆ. ಅಲ್ಲಿ ಹಿಂಸೆಯುಂಟು, ವಿನೋದವಿಲ್ಲ. ಸಮಾನರನ್ನು ಸಮಾನರ ಎದುರಿಗೆ ನಿಲ್ಲಿಸಿದಾಗ ಮಾತ್ರ ನೋಡುವವನಿಗೆ ತಿಳಿಯದ ಸಂಗತಿಯೊಂದು ಕಣದಲ್ಲಿ ಉಳಿದಿರುತ್ತದೆ. ಜೋಡಿ ಕಟ್ಟುವವನು ತನ್ನ ಕೆಲಸವನ್ನು ಎಷ್ಟು ಚೆನ್ನಾಗಿ ಮಾಡಿರುತ್ತಾನೋ ಭವಿಷ್ಯ ನುಡಿಯುವವನ ಕೆಲಸ ಅಷ್ಟು ಕಷ್ಟವಾಗುತ್ತದೆ.

ಹೊಸ ಕಾಲದ ಕಾದಾಟವೂ ಇದೇ ದಾರಿಯಲ್ಲಿ ನಡೆದು ಬಂದಿದೆ. ಅಲ್ಟಿಮೇಟ್ ಫೈಟಿಂಗ್ ಚಾಂಪಿಯನ್‌ಶಿಪ್, ಅಂದರೆ ಯುಎಫ್‌ಸಿ, ತನ್ನ ಮೊದಲ ಕೂಟವನ್ನು 1993ರ ನವೆಂಬರ್ 12ರಂದು ಅಮೆರಿಕದ ಡೆನ್ವರ್‌ನಲ್ಲಿ ನಡೆಸಿದಾಗ ತೂಕದ ವರ್ಗಗಳೇ ಇರಲಿಲ್ಲ. ಸುಮೋ, ಮುಷ್ಟಿಯುದ್ಧ, ಕರಾಟೆ ಎಂದು ಬೇರೆಬೇರೆ ವಿದ್ಯೆಗಳವರು ಎದುರುಬದುರಾದರು. ಮೈಯಲ್ಲಿ ಸಾಧಾರಣನಾದ ಬ್ರೆಜಿಲಿನ ರಾಯ್ಸ್ ಗ್ರೇಸಿ ಒಂದೇ ರಾತ್ರಿ ಮೂವರನ್ನು ಶರಣಾಗಿಸಿ ಗೆದ್ದ. ನೋಟಕ್ಕೆ ಬಲಶಾಲಿಯಾದವನು ಗೆಲ್ಲುವನೆಂಬ ಅಂದಾಜು ಆ ರಾತ್ರಿ ಉರುಳಿತು. ಮುಂದೆ ತೂಕದ ವರ್ಗಗಳು, ಐದೈದು ನಿಮಿಷಗಳ ಸುತ್ತುಗಳು, ಮೂವರು ತೀರ್ಪುಗಾರರು ಬಂದರು. ಒಂದು ರೀತಿಯಲ್ಲಿ ಅವರು ಡೆನ್ವರ್‌ನಿಂದ ಹೊರಟು ಸೋಮೇಶ್ವರನ ಕಲ್ಯಾಣಕ್ಕೆ ಬಂದು ಸೇರಿದರೆನ್ನಬಹುದು.

ಜೋಡಿ ಸಮಾನವಾಗಿರುವಾಗ ನಮ್ಮ ಅಂದಾಜನ್ನು ಅತ್ತಿತ್ತ ವಾಲಿಸುವುದು ಯಾವುದು? ಹೆಚ್ಚಿನ ಸಲ ಅದು ತಿಳಿವಳಿಕೆಯಾಗಿರದೆ ಹಂಬಲವಾಗಿರುತ್ತದೆ. ಇದಕ್ಕೆ ಒಳ್ಳೆಯ ಉದಾಹರಣೆ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲೇ ಇದೆ. ಅಲ್ಲಿನ ಕಲ್ಮೇಶ್ವರ ದೇವಾಲಯದ ಹೊರಗೋಡೆಯ ಮದನಿಕೆಯರಲ್ಲಿ ಒಬ್ಬಳು ಕಲ್ಲಿನ ಮೇಲೆ ಬರೆಯುತ್ತ ನಿಂತಿದ್ದಾಳೆ. ಶಿಲ್ಪದ ವಿದ್ಯಾರ್ಥಿಗಳು ಅವಳ ನಿಲುವನ್ನೂ ಕೈಯ ಬಾಗನ್ನೂ ನೋಡುತ್ತಾರೆ. ಅವಳು ಬರೆಯುತ್ತಿರುವ ಬರಹದ ಕ್ರಿಯಾಪದವನ್ನು ನಾವು ನೋಡಬೇಕು. ಏಳು ದ್ವೀಪಗಳನ್ನು ಒಡಲಲ್ಲಿಟ್ಟುಕೊಂಡ ಭೂಮಂಡಲವನ್ನು ಚಾಲುಕ್ಯ ವಿಕ್ರಮಾದಿತ್ಯನು ಕೈವಶ ಮಾಡಿಕೊಳ್ಳುವನು ಎಂಬ ಅರ್ಥದ ಆ ಸಂಸ್ಕೃತ ಸಾಲಿನಲ್ಲಿರುವುದು ಭವಿಷ್ಯತ್ಕಾಲ. ಮಾಡಿಕೊಂಡನು ಎಂದಿಲ್ಲ. ಅಂದರೆ ಇದು ಪ್ರಶಸ್ತಿಯ ವೇಷ ತೊಟ್ಟ ಒಂದು ಮುನ್ನೋಟ, ಅದೂ ತಿದ್ದಲಾಗದಂತೆ ಕಲ್ಲಿನಲ್ಲಿ ಬರೆದದ್ದು.

ಫಲಿತಾಂಶ ನಮಗೆ ಗೊತ್ತಿದೆ. 1076ರಲ್ಲಿ ತನ್ನ ಹೆಸರಿನ ಹೊಸ ಶಕೆಯನ್ನೇ ಆರಂಭಿಸಿದ ವಿಕ್ರಮಾದಿತ್ಯನು ಐವತ್ತು ವರ್ಷ ಆಳಿದ. ರಾಜ್ಯ ದೊಡ್ಡದಾಗಿತ್ತು, ಆದರೆ ಏಳು ದ್ವೀಪಗಳ ಮಾತು ಬೇರೆ. ಅವನು ತೀರಿಹೋದ ನಲವತ್ತು ವರ್ಷಗಳೊಳಗೆ ಕಲ್ಯಾಣವೇ ಕಳಚುರಿ ಬಿಜ್ಜಳನ ಕೈಸೇರಿತು. ಹಾಗೆಂದು ಜಲಸಂಗಿಯ ಮದನಿಕೆ ಸುಳ್ಳು ಬರೆದಳೆನ್ನುವುದು ಪ್ರಶಸ್ತಿಕಾವ್ಯವನ್ನು ಓದಲು ಬಾರದವರ ಮಾತಾದೀತು. ಅವಳು ಬರೆದದ್ದು ಆಶಯವನ್ನು. ಆಶಯಕ್ಕೆ ಸರಿ ತಪ್ಪುಗಳಿಲ್ಲ. ಆಶಯವನ್ನು ಅಂದಾಜೆಂದು ಭಾವಿಸಿದಾಗ ತೊಡಕು ಹುಟ್ಟುತ್ತದೆ. ನನ್ನ ಪುಸ್ತಕದ ಎಡಪುಟದಲ್ಲಿ ಕಾರಣದ ಸಾಲನ್ನು ಕಡ್ಡಾಯ ಮಾಡಿದ್ದು ಇದಕ್ಕಾಗಿಯೇ. ಕಾರಣ ಬರೆಯಲು ಕುಳಿತಾಗ ಕೈಗೆ ಸಂಗತಿಗಳು ಬರುವ ಬದಲು ಗುಣವಾಚಕಗಳೇ ಬರತೊಡಗಿದರೆ ಅಲ್ಲಿ ಬರೆಯುತ್ತಿರುವುದು ಮದನಿಕೆಯೆಂದು ತಿಳಿಯಬೇಕು.

ಉತ್ತರಾಖಂಡದ ಉತ್ತರಕಾಶಿಯ ಅಂಶುಲ್ ಜುಬ್ಲಿಯ ಕಾದಾಟಗಳ ಪುಟಗಳನ್ನು ಈ ದೃಷ್ಟಿಯಿಂದ ನೋಡಬಹುದು. 2023ರ ಫೆಬ್ರವರಿಯಲ್ಲಿ ಅವರು ಇಂಡೋನೇಷ್ಯದ ಜೆಕಾ ಸರಗಿಯವರನ್ನು ಎರಡನೆಯ ಸುತ್ತಿನಲ್ಲಿ ಸೋಲಿಸಿ ಯುಎಫ್‌ಸಿಯ ಒಪ್ಪಂದ ಪಡೆದಿದ್ದರು. ಅಲ್ಲಿಯವರೆಗೆ ಏಳು ಕಾದಾಟ, ಏಳೂ ಗೆಲುವು. ಅದೇ ವರ್ಷ ಅಕ್ಟೋಬರ್ 21ರಂದು ಅಬುಧಾಬಿಯಲ್ಲಿ ಅಮೆರಿಕದ ಮೈಕ್ ಬ್ರೀಡನ್ ಎದುರಾಳಿ. ನನ್ನ ಕಾಲಂನಲ್ಲಿ ಜುಬ್ಲಿಗೆ ಹತ್ತರಲ್ಲಿ ಏಳು ಎಂದಿದೆ. ಹುಡುಗನ ಕಾಲಂನಲ್ಲಿ ಹತ್ತಕ್ಕೆ ಹತ್ತು. ಕಾರಣದ ಜಾಗದಲ್ಲಿ "ನಮ್ಮವ" ಎಂಬ ಒಂದೇ ಪದ. ನನ್ನ ಏಳನ್ನು ನೋಡಿ ಅವನು ರೇಗಿದ್ದ: "ಕಾಕಾ, ಏಳು-ಮೂರು ಅಂತ ಬರದ್ರ ಹೇಳ್ದಂಗಲ್ಲ, ತಪ್ಪಿಸ್ಕೊಂಡಂಗ. ಒಂದ್ ಹೆಸ್ರು ಬರೀರಿ." ಏಳು ಬರೆದವನು ಮೂರನ್ನೂ ಬರೆದಿರುತ್ತಾನೆ ಎಂದು ನಾನು ಹೇಳಿದೆ. ಮೂರನೆಯ ಸುತ್ತಿನಲ್ಲಿ ಬ್ರೀಡನ್ನರ ಹೊಡೆತಕ್ಕೆ ಜುಬ್ಲಿ ಕುಸಿದರು. 2025ರ ಫೆಬ್ರವರಿಯಲ್ಲಿ ಸಿಡ್ನಿಯಲ್ಲಿ ಆಸ್ಟ್ರೇಲಿಯದ ಕ್ವಿಲನ್ ಸಾಲ್ಕಿಲ್ಡ್ ಎದುರು ಕಾದಾಟ ಮುಗಿದದ್ದು 19 ಸೆಕೆಂಡುಗಳಲ್ಲಿ. ಆ ಹೊತ್ತಿಗೆ ನಮ್ಮವ ಎಂಬ ಕಾರಣ ಹುಡುಗನ ಕಾಲಂನಿಂದ ಮಾಯವಾಗಿತ್ತು.

ಲೆಕ್ಕದ ವಿಧಾನವನ್ನೂ ಹೇಳಬೇಕು. ಗ್ಲೆನ್ ಬ್ರೈಯರ್ ಎಂಬ ಅಮೆರಿಕದ ಹವಾಮಾನ ತಜ್ಞ ಮಳೆಯ ಮುನ್ಸೂಚನೆಗಳನ್ನು ತೂಗಲು 1950ರಲ್ಲಿ ಒಂದು ಸರಳ ಸೂತ್ರವನ್ನು ಕೊಟ್ಟ. ಸಂಭವವನ್ನು ಸೊನ್ನೆಯಿಂದ ಒಂದರೊಳಗಿನ ಸಂಖ್ಯೆಯಾಗಿ ಬರೆಯಬೇಕು. ನಡೆದರೆ ಒಂದು, ನಡೆಯದಿದ್ದರೆ ಸೊನ್ನೆ. ಎರಡರ ನಡುವಣ ವ್ಯತ್ಯಾಸದ ವರ್ಗವೇ ನಾವು ತೆರುವ ದಂಡ. 0.7 ಎಂದು ಬರೆದಾಗ ಅದೇ ನಡೆದರೆ ದಂಡ 0.09, ನಡೆಯದಿದ್ದರೆ 0.49. ಪೂರ್ತಿ ಒಂದು ಎಂದು ಬರೆದವನಿಗೆ ನಡೆದರೆ ಸೊನ್ನೆ, ನಡೆಯದಿದ್ದರೆ ಪೂರ್ತಿ ಒಂದು. ಸದಾ 0.5 ಎಂದು ಬರೆದು ಕೈತೊಳೆದುಕೊಳ್ಳುವವನಿಗೆ ಏನೇ ನಡೆದರೂ 0.25. ಈ ಸೂತ್ರದ ಸೊಗಸೆಂದರೆ ಇಲ್ಲಿ ಧೈರ್ಯಕ್ಕೂ ಬೆಲೆಯುಂಟು, ಸಂಕೋಚಕ್ಕೂ ಬೆಲೆಯುಂಟು, ಎರಡರ ಸೋಗಿಗೂ ದಂಡವುಂಟು. ಪಾಂಡಿತ್ಯದ ಲೋಕದಲ್ಲಿ ಕವಿಕಾಲ ನಿರ್ಣಯದ ವಾದಗಳಿಗೂ ಇಂಥದೊಂದು ದಂಡದ ಪದ್ಧತಿ ಇದ್ದಿದ್ದರೆ ಎಷ್ಟೋ ಪುಟಗಳು ಉಳಿಯುತ್ತಿದ್ದವೆಂದು ಕೆಲವೊಮ್ಮೆ ಅನ್ನಿಸುತ್ತದೆ.

ಆದರೆ ಈ ಸೂತ್ರ ಒಂದನ್ನು ನಂಬಿಕೊಂಡಿದೆ. ಏನು ನಡೆಯಿತು ಎಂಬುದರಲ್ಲಿ ವಿವಾದವಿಲ್ಲ ಎಂಬುದೇ ಆ ನಂಬಿಕೆ. ಮಳೆಗೆ ಅದು ಸರಿ. ಕಾದಾಟಕ್ಕೆ? ಉತ್ತರಪ್ರದೇಶದ ಮುಜಫ್ಫರನಗರ ಜಿಲ್ಲೆಯ ಬುಢಾನಾದವರಾದ ಪೂಜಾ ತೋಮರ್, ವುಶುವಿನಿಂದ ಮಿಶ್ರ ಸಮರಕಲೆಗೆ ಬಂದವರು. 2024ರ ಜೂನ್ 8ರಂದು ಲೂಯಿವಿಲ್‌ನಲ್ಲಿ ಬ್ರೆಜಿಲಿನ ರೈಯಾನಿ ದೋಸ್ ಸಾಂತೋಸ್ ಅವರೊಡನೆ ಕಾದಿ, ಯುಎಫ್‌ಸಿಯಲ್ಲಿ ಗೆದ್ದ ಮೊದಲ ಭಾರತೀಯ ಮಹಿಳೆಯಾದರು. ಹದಿನೈದು ನಿಮಿಷ, ಮೂರು ಸುತ್ತು. ಒಬ್ಬ ತೀರ್ಪುಗಾರರು ಕೊಟ್ಟ ಅಂಕ ಪೂಜಾಗೆ 30–27, ಅಂದರೆ ಮೂರೂ ಸುತ್ತು ಅವರದೇ. ಇನ್ನೊಬ್ಬರದು 27–30, ಅಂದರೆ ಮೂರೂ ಸುತ್ತು ಎದುರಾಳಿಯವು. ಮೂರನೆಯವರದು ಪೂಜಾಗೆ 29–28. ಕಣದ ಅಂಚಿನಲ್ಲಿ ಕುಳಿತು ಅದೇ ಹೊತ್ತಿನಲ್ಲಿ ಅದೇ ಇಬ್ಬರನ್ನು ನೋಡಿದ ಇಬ್ಬರು ತಜ್ಞರು ಒಂದು ಸುತ್ತಿನ ವಿಷಯದಲ್ಲೂ ಒಮ್ಮತಕ್ಕೆ ಬರಲಿಲ್ಲ. ಹುಡುಗ ಪೂಜಾಗೆ ಹತ್ತು ಬರೆದಿದ್ದ. ಕಾರಣದ ಸಾಲಿನಲ್ಲಿ ಈ ಸಲ ಒದೆತದ ಅಂತರ, ಕಾಲಿನ ಚಲನೆ ಎಂಬ ಸಂಗತಿಗಳಿದ್ದವು. ನಾನು ಐದು ಬರೆದಿದ್ದೆ. ಬ್ರೈಯರ್ ಲೆಕ್ಕದಲ್ಲಿ ಅವನಿಗೆ ಸೊನ್ನೆ ದಂಡ, ನನಗೆ 0.25. ಆದರೆ ಮೂರನೆಯ ತೀರ್ಪುಗಾರರು ಒಂದೇ ಒಂದು ಸುತ್ತನ್ನು ಬೇರೆಯಾಗಿ ಕಂಡಿದ್ದರೆ ಬಲಪುಟದಲ್ಲಿ ಬೇರೆ ಹೆಸರಿರುತ್ತಿತ್ತು. ಕಣದಲ್ಲಿ ನಡೆದದ್ದು ಮಾತ್ರ ಅದೇ ಆಗಿರುತ್ತಿತ್ತು.

ಇಲ್ಲಿ 'ಸ್ಯಾತ್' ಎಂಬ ಪದ ನೆನಪಾಗದಿರದು. ಭಾರತೀಯ ಸಂಖ್ಯಾಶಾಸ್ತ್ರದ ಹಿರಿಯರಾದ ಪಿ. ಸಿ. ಮಹಲನೋಬಿಸ್ 1954ರ ಒಂದು ಲೇಖನದಲ್ಲಿ ಸ್ಯಾದ್ವಾದವನ್ನು ಸಂಭವನೀಯತೆಯ ಚಿಂತನೆಗೆ ಹತ್ತಿರದ್ದೆಂದು ಕಂಡರು. 1957ರಲ್ಲಿ ಜೀವವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನ್ ಸಪ್ತಭಂಗಿಯ ಬಗ್ಗೆಯೇ ಬರೆದರು. ಇಬ್ಬರ ಆಸಕ್ತಿಯೂ ಗೌರವಾರ್ಹ. ಆದರೂ ಒಂದು ಎಚ್ಚರ ಬೇಕು. 'ಸ್ಯಾತ್' ಎಂದರೆ ಇರಬಹುದೇನೋ ಎಂಬ ಸಂದೇಹವಲ್ಲ. ಒಂದು ನಯದಿಂದ, ಒಂದು ನಿಲುವಿನಿಂದ ನೋಡಿದಾಗ ಇದು ಹೀಗೆಯೇ ಎಂಬ ನಿಶ್ಚಯ ಅದರಲ್ಲಿದೆ. ಹತ್ತರಲ್ಲಿ ಏಳು ಎಂಬುದು ನನ್ನ ಅರಿವಿನ ಅಳತೆ, ಅದು ಸ್ಯಾದ್ವಾದವಲ್ಲ. ಯಾವ ನಿಲುವಿನಿಂದ, ಯಾವ ನಿಬಂಧನೆಯಲ್ಲಿ ಈ ಮಾತು ನಿಜ ಎಂದು ಹೇಳುವುದು ಸ್ಯಾತ್‌ಗೆ ಹತ್ತಿರ. 2025ರ ಮಾರ್ಚ್ 22ರಂದು ಲಂಡನ್ನಿನಲ್ಲಿ ಪೂಜಾ ತೋಮರ್ ಐರ್ಲೆಂಡಿನ ಶೌನಾ ಬ್ಯಾನನ್ ಎದುರು ಕಾದುವ ಮೊದಲು ಹುಡುಗ ಬರೆದ ಕಾರಣ ಹೀಗಿತ್ತು: "ನಿಂತು ಆಡಿದ್ರ ಪೂಜಾ. ನೆಲಕ್ಕ ಹೋದ್ರ ಹೇಳ್ಲಿಕ್ಕಿ ಬರಲ್ಲ." ಎರಡನೆಯ ಸುತ್ತಿನಲ್ಲಿ ಕಾದಾಟ ನೆಲಕ್ಕೆ ಹೋಯಿತು, ಬ್ಯಾನನ್ ತೋಳಿನ ಕೀಲನ್ನು ಬಿಗಿಹಿಡಿದರು, ಪೂಜಾ ಶರಣಾದರು. ಅಂಕದಲ್ಲಿ ಅವನಿಗೆ ದಂಡ ಬಿತ್ತು. ಆದರೆ ಆ ಪುಸ್ತಕದಲ್ಲಿರುವ ವಾಕ್ಯಗಳಲ್ಲಿ ಅದಕ್ಕಿಂತ ನಿಜವಾದ ವಾಕ್ಯ ಕಡಿಮೆ.

ನಿಬಂಧನೆಯುಳ್ಳ ಮುನ್ನೋಟಕ್ಕೆ ನಮ್ಮ ಸಾಹಿತ್ಯದಲ್ಲಿ ಒಂದು ದೊಡ್ಡ ಮಾದರಿಯಿದೆ. ಮಹಾಭಾರತದ ಶಲ್ಯಪರ್ವದಲ್ಲಿ ಭೀಮ ದುರ್ಯೋಧನರು ಗದೆಯೆತ್ತಿ ನಿಂತಾಗ ಅರ್ಜುನನು ಕೃಷ್ಣನನ್ನು ಕೇಳುತ್ತಾನೆ: ಇವರಿಬ್ಬರಲ್ಲಿ ಯಾರು ಮೇಲು? ಇಬ್ಬರಿಗೂ ದೊರೆತ ಶಿಕ್ಷಣ ಸಮಾನ, ಬಲದಲ್ಲಿ ಭೀಮ ಹೆಚ್ಚು, ಅಭ್ಯಾಸದಲ್ಲಿ ಕೌರವ ಹೆಚ್ಚು, ಧರ್ಮಯುದ್ಧವಾದರೆ ಭೀಮನಿಗೆ ಗೆಲುವಿಲ್ಲ ಎಂಬುದು ಕೃಷ್ಣನ ಉತ್ತರದ ಸಾರ. ದುರ್ಯೋಧನನು ಹದಿಮೂರು ವರ್ಷ ಭೀಮನ ಕಬ್ಬಿಣದ ಪ್ರತಿಮೆಯ ಮೇಲೆ ಗದಾಭ್ಯಾಸ ಮಾಡಿದ್ದನೆಂಬ ಸಂಗತಿಯೂ ಅದೇ ಪರ್ವದಲ್ಲಿ ಬರುತ್ತದೆ. ಶಿಕ್ಷಣ, ಬಲ, ಅಭ್ಯಾಸ ಎಂದು ಮೂರು ತಕ್ಕಡಿಗಳಲ್ಲಿ ಬೇರೆಬೇರೆಯಾಗಿ ತೂಗಿ, ಇಂಥ ನಿಯಮವಿದ್ದರೆ ಇಂಥ ಫಲ ಎಂದು ಹೇಳಿದ ಈ ಮಾತಿಗಿಂತ ಶಾಸ್ತ್ರೀಯವಾದ ಮುನ್ನೋಟ ಇಂದಿನ ಕಾದಾಟದ ವಿಶ್ಲೇಷಕರಲ್ಲೂ ವಿರಳ. ಗೆದ್ದವನು ಭೀಮ. ಹಾಗಾದರೆ ಕೃಷ್ಣನ ಮಾತು ಹುಸಿಯಾಯಿತೇ? ಇಲ್ಲ, ಧರ್ಮಯುದ್ಧ ಎಂಬ ನಿಬಂಧನೆ ಮುರಿದುಬಿತ್ತು. ಗದೆ ತೊಡೆಗೆ ಬಿದ್ದು ನಿಯಮ ಮುರಿದ ಕ್ಷಣದಲ್ಲೇ ಮುನ್ನೋಟ ನಿಜವಾಯಿತು ಎಂದೂ ಹೇಳಬಹುದು. ಇಬ್ಬರಿಗೂ ಗುರುವಾಗಿದ್ದ ಬಲರಾಮನ ಕೋಪ ಆ ಫಲಿತಾಂಶದ ಪಕ್ಕದಲ್ಲಿ ಬರೆದ ಟಿಪ್ಪಣಿಯಂತಿದೆ.

ಕನ್ನಡದಲ್ಲಿ ಈ ಕಾದಾಟವನ್ನು ಕಾವ್ಯಕ್ಕೆ ಕೇಂದ್ರ ಮಾಡಿದವನು ರನ್ನ, ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿದ ಕವಿ. ಅವನ 'ಸಾಹಸಭೀಮವಿಜಯ' ಕಡೆಯ ಕಾದಾಟವನ್ನು ಮುಂದಿಟ್ಟುಕೊಂಡು ಇಡೀ ಭಾರತಕಥೆಯನ್ನು ಸಿಂಹಾವಲೋಕನ ಕ್ರಮದಲ್ಲಿ ಹೇಳುತ್ತದೆಂಬುದು ಪ್ರಸಿದ್ಧ. ಮುಂದೆ ನಡೆಯುತ್ತಿರುವ ಸಿಂಹ ತಿರುಗಿ ಹಿಂದಿನ ದಾರಿಯನ್ನು ನೋಡುವುದೇ ಸಿಂಹಾವಲೋಕನ. ಫಲಿತಾಂಶದಿಂದ ಹಿಂದಕ್ಕೆ ನೋಡಿದಾಗ ದ್ಯೂತಸಭೆ, ವಸ್ತ್ರಾಪಹರಣ, ವನವಾಸ ಎಲ್ಲವೂ ಆ ತೊಡೆಯ ಕಡೆಗೇ ನಡೆದು ಬಂದಂತೆ ಕಾಣುತ್ತವೆ. ಕವಿಗೆ ಅದು ಶಕ್ತಿ. ಲೆಕ್ಕ ಬರೆಯುವವನಿಗೆ ಅದೇ ಅಪಾಯ. ಕಾದಾಟ ಮುಗಿದ ಅರ್ಧ ಗಂಟೆಯೊಳಗೆ ನೋಡಿದವರೆಲ್ಲರ ನೆನಪೂ ರನ್ನನ ದಾರಿ ಹಿಡಿಯುತ್ತದೆ. ಅವನ ಕಾಲು ಮೊದಲೇ ಸೋತಿತ್ತು, ಉಸಿರು ಮೊದಲೇ ಕಟ್ಟಿತ್ತು, ನನಗೆ ಆಗಲೇ ಗೊತ್ತಿತ್ತು ಎಂಬ ಮಾತುಗಳು ಹುಮನಾಬಾದಿನ ಬಯಲಿನಲ್ಲೂ ಕೇಳುತ್ತವೆ, ದೂರದರ್ಶನದ ಪರದೆಯ ಮುಂದೆಯೂ ಕೇಳುತ್ತವೆ. ಎಡಪುಟ ಇರುವುದು ಇದಕ್ಕೇ. ಸಿಂಹ ತಿರುಗಿ ನೋಡುವ ಮೊದಲು ಎಲ್ಲಿ ನಿಂತಿತ್ತು ಎಂಬುದನ್ನು ಅದು ಗುರುತಿಟ್ಟಿರುತ್ತದೆ. ಸಂಶೋಧನೆಯ ಹಾದಿಯಲ್ಲಿರುವವರಿಗೆ ಇದರಿಂದ ಒಂದು ಪಾಠವುಂಟು: ಶಾಸನದ ಪಾಠವನ್ನು ಓದುವ ಮೊದಲು ಅದರಲ್ಲಿ ಏನು ಸಿಗಬಹುದೆಂದು ಊಹಿಸಿದ್ದಿರೋ ಅದನ್ನು ಒಂದು ಚೀಟಿಯಲ್ಲಿ ಬರೆದಿಡಿ. ಓದಿದ ಮೇಲೆ ಆ ಊಹೆ ಏನಾಗಿತ್ತೆಂದು ನೆನಪಿನಿಂದ ಹೇಳಲು ಯಾರಿಂದಲೂ ಸಾಧ್ಯವಿಲ್ಲ.

ಈಗ ನೋಯುವ ಮೈಯ ಮಾತು. ನಮ್ಮ ಆಚಾರಶಾಸ್ತ್ರಗಳು ಹಿಂಸೆಯನ್ನು ಕೃತ, ಕಾರಿತ, ಅನುಮೋದಿತ ಎಂದು ಮೂರಾಗಿ ನೋಡುತ್ತವೆ: ತಾನು ಮಾಡಿದ್ದು, ಮಾಡಿಸಿದ್ದು, ಮಾಡಿದವರನ್ನು ಮೆಚ್ಚಿದ್ದು. ಕಾದಾಟ ನೋಡುವವನು ಮೂರನೆಯದಕ್ಕೆ ಉತ್ತರ ಹೇಳಬೇಕು. ಭವಿಷ್ಯ ಬರೆದಿಡುವ ಅಭ್ಯಾಸ ಆ ಹೊಣೆಯನ್ನು ಹೆಚ್ಚಿಸುತ್ತದೆಯೇ, ತಗ್ಗಿಸುತ್ತದೆಯೇ? ಹೆಸರು ಬರೆದ ಕೂಡಲೇ ಮನಸ್ಸಿನಲ್ಲಿ ಒಂದು ಸಣ್ಣ ಬದಲಾವಣೆ ಆಗುತ್ತದೆ. ಎಂಟು ಎಂದು ಬರೆದವನು ತನ್ನ ಎಂಟು ನಿಜವಾಗಲೆಂದು ಬಯಸತೊಡಗುತ್ತಾನೆ, ಅಂದರೆ ಇನ್ನೊಬ್ಬನು ಬೀಳಲೆಂದು ಬಯಸುತ್ತಾನೆ. ಪರಿಚಯವೇ ಇಲ್ಲದ ಒಬ್ಬನು ಬೀಳಲೆಂದು ಬಯಸಲು ಕೇವಲ ಒಂದು ಅಂಕೆ ಸಾಕೆಂಬುದು ಮನಸ್ಸಿನ ಬಗ್ಗೆ ತಿಳಿಯಬೇಕಾದ ಸಂಗತಿ. ಹಣ ಕಟ್ಟಿದವನಲ್ಲಿ ಈ ಬಯಕೆ ಎಷ್ಟು ಬೆಳೆದೀತೆಂದು ಊಹಿಸಿದರೆ ಜೂಜನ್ನು ವ್ಯಸನಗಳ ಮೊದಲಿಗೆ ಇಟ್ಟವರ ಆಲೋಚನೆ ಅರ್ಥವಾಗುತ್ತದೆ. ಈ ಬಯಕೆಗೆ ನಾವು ಕಂಡುಕೊಂಡ ಮದ್ದು ಬಲಪುಟದ ಕಡೆಯ ಕಾಲಂ. ಫಲಿತಾಂಶದ ನಂತರ, ಸೋತವರು ಚೆನ್ನಾಗಿ ಮಾಡಿದ್ದೇನು ಎಂಬುದನ್ನು ಒಂದು ಸಾಲಿನಲ್ಲಿ ಬರೆಯಬೇಕು. ಆ ಸಾಲನ್ನು ಬರೆಯಲಾಗದಿದ್ದರೆ ಕಾದಾಟವನ್ನು ನೋಡಲಿಲ್ಲ, ಫಲಿತಾಂಶಕ್ಕಾಗಿ ಕಾದುಕೊಂಡಿದ್ದೆವು ಎಂದಷ್ಟೇ ಅರ್ಥ.

ಸೋತವನನ್ನು ನೋಡುವ ಈ ಕ್ರಮ ನಮ್ಮ ಕಾವ್ಯಪರಂಪರೆಗೆ ಹೊಸದಲ್ಲ. ರನ್ನನ ಕಾವ್ಯದಿಂದ ಬಿ. ಎಂ. ಶ್ರೀಕಂಠಯ್ಯನವರು ರೂಪಿಸಿದ 'ಗದಾಯುದ್ಧ ನಾಟಕಂ'ನಲ್ಲಿ ಓದುಗರ ಮನಸ್ಸು ನಿಲ್ಲುವುದು ಬಿದ್ದ ದುರ್ಯೋಧನನ ಬಳಿ. ಅದಕ್ಕೂ ಹಿಂದೆ, 941ರಲ್ಲಿ ಪಂಪನು ರಚಿಸಿದ 'ಆದಿಪುರಾಣ'ದಲ್ಲಿ ಭರತ ಬಾಹುಬಲಿಯರ ಪ್ರಸಂಗವಿದೆ. ಸೇನೆಗಳು ಸಾಯುವುದು ಬೇಡವೆಂದು ಅಣ್ಣತಮ್ಮಂದಿರಿಬ್ಬರೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಕಾದುತ್ತಾರೆ. ಅಂದಾಜು ಬರೆಯುವವನಿಗೆ ಪುರಾಣಪರಂಪರೆ ಅಳತೆಯನ್ನೂ ಕೊಟ್ಟಿದೆ: ಭರತನ ಎತ್ತರ 500 ಧನು, ಬಾಹುಬಲಿಯದು 525. ಕಣ್ಣಿಗೆ ಕಣ್ಣಿಟ್ಟು ನೋಡುವಾಗಲೂ ನೀರೆರಚುವಾಗಲೂ ಆ 25 ಧನುವಿನ ಲಾಭ ತಮ್ಮನದು. ಮಲ್ಲಯುದ್ಧದಲ್ಲಿ ಬಾಹುಬಲಿ ಅಣ್ಣನನ್ನು ಮೇಲಕ್ಕೆತ್ತಿದನು, ಆದರೆ ಹಿರಿಯನೆಂಬ ಗೌರವದಿಂದ ನೆಲಕ್ಕೆ ಅಪ್ಪಳಿಸಲಿಲ್ಲ. ಹುಮನಾಬಾದಿನ ವಸ್ತಾದರ ಲೆಕ್ಕದಲ್ಲಿ ಬೆನ್ನು ಮಣ್ಣಿಗೆ ತಾಗಲಿಲ್ಲ, ಕುಸ್ತಿ ನಿಕಾಲಿಯಾಗಲಿಲ್ಲ. ಆದರೂ ಯಾರು ಗೆದ್ದರೆಂಬುದರಲ್ಲಿ ಅಲ್ಲಿ ಯಾರಿಗೂ ಅನುಮಾನ ಉಳಿಯಲಿಲ್ಲ.

ಫಲಿತಾಂಶ ಸ್ಪಷ್ಟವಾಗಿತ್ತು, ಮುನ್ನೋಟವೂ ಅದಕ್ಕೆ ಸರಿಹೊಂದುತ್ತಿತ್ತು. ಫಲ ಮಾತ್ರ ಯಾರ ಅಂದಾಜಿಗೂ ಸಿಗದ ಕಡೆಗೆ ಹೋಯಿತು: ಮೂರನ್ನೂ ಗೆದ್ದವನು ರಾಜ್ಯವನ್ನು ಬಿಟ್ಟು ನಡೆದನು, ಮೂರನ್ನೂ ಸೋತವನು ಚಕ್ರವರ್ತಿಯಾಗಿ ಉಳಿದನು. ಜಲಸಂಗಿಯ ಶಿಲ್ಪಿಗೆ ಅರಸನ ಗೆಲುವನ್ನು ಮುಂಚಿತವಾಗಿಯೇ ಬರೆಯುವುದು ಸಹಜವೆನಿಸಿತ್ತು. ಪಂಪನು, ಅವನಿಗೆ ಮೊದಲು ಜಿನಸೇನಾಚಾರ್ಯರು, ತಮ್ಮ ಮೊದಲ ಚಕ್ರವರ್ತಿಯ ಮೂರು ಸೋಲುಗಳನ್ನೂ ಒಂದೊಂದಾಗಿ ವಿವರಿಸಿ ಬರೆದರು. ಫಲಿತಾಂಶಗಳನ್ನು ಬರೆದಿಡುವ ಯಾರೇ ಆದರೂ ಆ ಪುಟಗಳನ್ನು ಒಮ್ಮೆ ಓದಿ ತಮ್ಮ ಪುಸ್ತಕವನ್ನು ತೆರೆಯುವುದು ಒಳ್ಳೆಯದು.